ಟಾರ್ಪಾಲಿಗೆ ಬೆದರಿದ ಕುದುರೆ

ಮದ್ದೂರು ರೈಲು ನಿಲ್ದಾಣದಿಂದ ಅಜ್ಜಿಯ ಊರಿಗೆ ನಾವು ಜಟಕಾದಲ್ಲಿ ಹೋಗುತ್ತಿದ್ದ ಕಾಲ. ರೈಲಿನಲ್ಲಿ ಕೊಂಡ ವಡೆಯ ಎಣ್ಣೆ ಇನ್ನೂ ಬೆರಳಲ್ಲಿ ಇರುತ್ತಿತ್ತು. ಹತ್ತಿ ಕೂತ ಕೂಡಲೇ ಗಾಡಿ ಸಾಬರು ತೂಕ ನೋಡುತ್ತಿದ್ದರು. ಹಿಂದೆ ಭಾರವಾದರೆ ‘ಮುಂದುಕ್ಕೆ ಬನ್ನಿ’, ಮುಂದೆ ಭಾರವಾದರೆ ‘ಹಿಂದುಕ್ಕೆ ಸರ್ಕೊಳ್ಳಿ’. ಒಂದು ದಿನ ನಾಲೆಯ ಸೇತುವೆಯ ತಿರುವಿನಲ್ಲಿ ಕುದುರೆ ಗಕ್ಕನೆ ನಿಂತಿತು. ಕಬ್ಬಿನ ಗದ್ದೆಯ ಬೇಲಿಗೆ ಯಾರೋ ಕಟ್ಟಿದ್ದ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕುದುರೆಯ ಎರಡೂ ಕಿವಿ ನೆಟ್ಟಗೆ ಅತ್ತ ನಿಂತವು, ಮೂಗಿನ ಹೊಳ್ಳೆ ಅರಳಿತು, ಗಾಡಿ ನಾಲ್ಕು ಮಾರು ಹಿಂದಕ್ಕೆ ಜರುಗಿತು. ಅಮ್ಮ ನನ್ನ ಅಂಗಿಯ ಕಾಲರು ಹಿಡಿದುಕೊಂಡರು.

ಸಾಬರು ಚಾವಟಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದರು. ಕುದುರೆಯ ಕುತ್ತಿಗೆಯ ಪಕ್ಕ ನಿಂತು ಕಡಿವಾಣ ಹಿಡಿದು, ಅದರ ಮುಖವನ್ನು ಟಾರ್ಪಾಲಿನ ಕಡೆಗೇ ತಿರುಗಿಸಿದರು. ಆಮೇಲೆ ಏನೂ ಮಾಡಲಿಲ್ಲ. ಒಂದು ಬೀಡಿ ಹಚ್ಚಿದರು. ಮಾವನಿಗೆ ತಡೆಯಲಿಲ್ಲ: ‘ಎರಡು ಬಾರಿಸಿ ಸಾಬ್ರೆ, ಹೋಯ್ತದೆ.’

‘ಹೊಡುದ್ರೆ ಅದುಕ್ಕೇನ್ ಗೊತ್ತಾಯ್ತದೆ ಗೌಡ್ರೆ? ನೀಲಿ ಬಟ್ಟೆ ಕಂಡಾಗ್ಲೆಲ್ಲ ಏಟು ಬೀಳ್ತದೆ ಅಂತ ಅಷ್ಟೇಯ.’

ಬೀಡಿ ಮುಗಿಯುವ ಹೊತ್ತಿಗೆ ಕುದುರೆ ಫುರ್ರೆಂದು ಉಸಿರು ಬಿಟ್ಟು ತಲೆ ಇಳಿಸಿತು. ಬಾಯಲ್ಲಿ ಏನೋ ಇರುವ ಹಾಗೆ ಮೆಲುಕಾಡಿತು. ಸಾಬರು ಒಂದು ಹೆಜ್ಜೆ ಮುಂದಿಟ್ಟರು, ಅದೂ ಒಂದು ಹೆಜ್ಜೆ ಇಟ್ಟಿತು. ಬೆದರುವ ಕುದುರೆಯನ್ನು ಪಳಗಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲನ್ನು ನಾನು ಅವತ್ತೇ ನೋಡಿಬಿಟ್ಟೆ. ಅದು ವಿದ್ಯೆ ಅಂತ ತಿಳಿಯಲು ಮಾತ್ರ ಮೂವತ್ತು ವರ್ಷ ಬೇಕಾಯಿತು. ಸಾಬರ ಮಾತನ್ನೇ ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ತನ್ನ ಅಶ್ವವಿದ್ಯೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಬೆದರಿದ ಕುದುರೆಯನ್ನು ಹೊಡೆದರೆ, ಆ ನೋವಿಗೂ ಎದುರಿಗಿರುವ ವಸ್ತುವೇ ಕಾರಣ ಎಂದು ಅದು ತಿಳಿಯುತ್ತದೆ ಎಂಬುದು ಅವನ ವಾದ. ಸಾಬರು ಅವನನ್ನು ಓದಿರಲಿಲ್ಲ.

ಕುದುರೆ ಬೆದರುವುದು ಪುಕ್ಕಲುತನದಿಂದಲ್ಲ, ಅದರ ಕಣ್ಣು ಇರುವ ಜಾಗದಿಂದ. ನಮ್ಮ ಕಣ್ಣು ಮುಖದ ಮುಂದಿವೆ, ಕುದುರೆಯದು ತಲೆಯ ಅಕ್ಕಪಕ್ಕದಲ್ಲಿ. ಹಾಗಾಗಿ ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಯಷ್ಟು ಸುತ್ತಳತೆ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂಭಾಗ ಮತ್ತು ಹಣೆಯ ಮುಂದಿನ ಒಂದಿಷ್ಟು ಜಾಗ. ಬಯಲಲ್ಲಿ ಮೇಯುವ, ಕೊಂಬಿಲ್ಲದ, ಓಟವೊಂದೇ ಗತಿಯಾದ ಪ್ರಾಣಿಗೆ ಇದು ವರ. ಮದ್ದೂರಿನ ಪೇಟೆ ಬೀದಿಯಲ್ಲಿ ಅದೇ ಶಾಪ. ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರು, ಪಕ್ಕದ ಅಂಗಡಿಯ ಷಟರು, ಹಾರುವ ಪ್ಲಾಸ್ಟಿಕ್ ಚೀಲ, ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟುವುದು ಅದಕ್ಕೇ.

ಸವಾರರನ್ನು ರೇಗಿಸುವ ಸಂಗತಿ ಇನ್ನೊಂದಿದೆ. ಹೋಗುವಾಗ ಸುಮ್ಮನೆ ದಾಟಿದ ಬಂಡೆಗೆ ಕುದುರೆ ಬರುವಾಗ ಹೌಹಾರುತ್ತದೆ. ‘ಈಗ ತಾನೇ ನೋಡಿದ್ಯಲ್ಲ’ ಎಂದು ಬೈದು ಫಲವಿಲ್ಲ. ಆ ಕಡೆಯಿಂದ ಕಂಡ ಬಂಡೆಯ ಆಕಾರವೇ ಬೇರೆ, ಈ ಕಡೆಯಿಂದ ಕಾಣುವುದೇ ಬೇರೆ. ಹೊಸದನ್ನು ತೋರಿಸುವಾಗ ಎಡಗಡೆಯಿಂದಲೂ ಬಲಗಡೆಯಿಂದಲೂ ತೋರಿಸಬೇಕೆಂದು ತಿಳಿದವರು ಹೇಳುವುದು ಈ ಕಾರಣಕ್ಕೆ. ಬೆಳಕಿನಿಂದ ಕತ್ತಲೆಗೆ, ಕತ್ತಲೆಯಿಂದ ಬೆಳಕಿಗೆ ಹೊಂದಿಕೊಳ್ಳಲೂ ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು.

ಈ ಸೀಮೆಗೂ ಕುದುರೆಯ ಬೆದರಿಕೆಗೂ ಹಳೆಯ ನಂಟು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗವಾಯಿತು. ಮುಂದೆ ವಾಟರ್ಲೂವಿನಲ್ಲಿ ಹೆಸರು ಮಾಡಿದ ಆರ್ಥರ್ ವೆಲ್ಲೆಸ್ಲಿ ಕೂಡ ಆ ದಿನ ಇಲ್ಲೇ ಇದ್ದ. ಅದಾಗಿ ಆರು ವಾರ ತುಂಬುವ ಮೊದಲೇ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಹೈದರ್ ಮತ್ತು ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ನಾವು ತಂತ್ರಜ್ಞಾನದ ಹೆಮ್ಮೆಯಾಗಿ ನೆನೆಯುತ್ತೇವೆ. ಅವು ಗುರಿಗೆ ಬಡಿಯುವುದಕ್ಕಿಂತ ಹೆಚ್ಚಾಗಿ ಸುಯ್ಯೆಂದು ಕಿರುಚುತ್ತಾ, ಬೆಂಕಿ ಕಾರುತ್ತಾ, ಅಡ್ಡಾದಿಡ್ಡಿ ಹಾರಿ ಎದುರಾಳಿಯ ಕುದುರೆಗಳನ್ನು ಚೆದುರಿಸುತ್ತಿದ್ದವು. ಟಾರ್ಪಾಲಿನ ಪಟಪಟಕ್ಕೇ ಹಿಂದೆ ಸರಿಯುವ ಪ್ರಾಣಿಯ ಕಾಲ ಬುಡದಲ್ಲಿ ಬೆಂಕಿಯ ಕೊಳವೆ ತಿರುಗಿದರೆ ಯಾವ ರಾವುತ ತಾನೇ ತಡೆದಾನು! ಕುದುರೆಯ ಮನಸ್ಸು ಬಲ್ಲವರೇ ಮಾಡಿದ ಆಯುಧ ಅದು ಎಂದು ನನಗೆ ಅನ್ನಿಸುತ್ತದೆ. ಮದ್ದೂರಿನಿಂದ ಹುಲಿಯೂರುದುರ್ಗದ ದಾರಿ ಹಿಡಿದರೆ ಸಿಗುವ ಕುಣಿಗಲ್ಲಿನ ಕುದುರೆ ಫಾರಂನ ಮೂಲವನ್ನು ಜನ ಹೈದರ್, ಟಿಪ್ಪುವಿನ ಕಾಲಕ್ಕೇ ಒಯ್ಯುತ್ತಾರೆ.

ಕನ್ನಡ ನಾಡಿನ ಕುದುರೆ ಜ್ಞಾನ ಅದಕ್ಕೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಸವಾರಿಗಳಿಗೆ ಜಾಗ ಕೊಟ್ಟ. 1400ರ ಸುಮಾರಿನಲ್ಲಿ ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ ಬರೆದ. ಪುಸ್ತಕದ ಮಾತು ಇಷ್ಟು ಸಾಕು.

ಈ ವಿದ್ಯೆಯನ್ನು ಇವತ್ತು ಕಣ್ಣಾರೆ ನೋಡಬೇಕಾದರೆ ಮಂಡ್ಯದಿಂದ ಒಂದು ಗಂಟೆ ದಾರಿ ಹೋಗಿ, ದಸರೆಗೆ ಮುಂಚೆ ಮೈಸೂರಿನಲ್ಲಿರಬೇಕು. ವಿಜಯದಶಮಿಯಂದು ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ 21 ಕುಶಾಲತೋಪು ಹಾರುತ್ತವೆ. ಏಳು ಫಿರಂಗಿ, ಮೂರು ಸುತ್ತು. ಆ ಸದ್ದಿಗೆ ಆನೆ, ಕುದುರೆ ಕದಲಬಾರದು. ಅದಕ್ಕಾಗಿ ಮೊದಲೇ ತಾಲೀಮು ನಡೆಯುತ್ತದೆ. ಪತ್ರಿಕೆಯ ಛಾಯಾಗ್ರಾಹಕರ ಕಣ್ಣೆಲ್ಲ ಆನೆಗಳ ಮೇಲೆ. ನಾನು ನೋಡಲು ಹೋಗುವುದು ಪಕ್ಕದ ಸಾಲನ್ನು, ರಾಜ್ಯ ಸಶಸ್ತ್ರ ಮೀಸಲು ಪೊಲೀಸರ ಅಶ್ವಾರೋಹಿ ದಳದ ಕುದುರೆಗಳನ್ನು.

ಮೊದಲ ಸಿಡಿತಕ್ಕೆ ಸಾಲು ಒಡೆಯುತ್ತದೆ. ಒಂದು ಕುದುರೆ ಮುಂಗಾಲು ಎತ್ತುತ್ತದೆ, ಇನ್ನೊಂದು ಇದ್ದಲ್ಲೇ ಬುಗುರಿಯಂತೆ ಸುತ್ತುತ್ತದೆ, ಹಿಂದಿನದೊಂದು ಲದ್ದಿ ಹಾಕಿಬಿಡುತ್ತದೆ. ಸವಾರ ಬೈಯುವುದಿಲ್ಲ. ಒಂದು ಸುತ್ತು ತಿರುಗಿಸಿ ತಂದು ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ, ಕುತ್ತಿಗೆ ಸವರುತ್ತಾನೆ. ಎರಡನೆಯ ಸಿಡಿತ, ಮೂರನೆಯದು. ಏಳನೆಯದಕ್ಕೆ ಕೆಲವು ಕುದುರೆಗಳ ಕಿವಿ ಮಾತ್ರ ಅಲ್ಲಾಡುತ್ತದೆ. ದೂರದಲ್ಲಿ ಶುರುವಾದ ಪಾಠ ದಿನ ಕಳೆದಂತೆ ಹತ್ತಿರ ಬರುತ್ತದೆ. ಹೆದರಿಕೆ ಹೋಗಿರುವುದಿಲ್ಲ, ಹೆದರಿಕೆ ಹುಟ್ಟಿಸುವ ದೂರ ಕಡಿಮೆಯಾಗಿರುತ್ತದೆ. ನೂರಡಿಗೆ ಬೆದರುತ್ತಿದ್ದದ್ದು ಐವತ್ತಡಿಗೆ ನಿಲ್ಲುತ್ತದೆ ಎಂದರೆ ಅವತ್ತಿನ ಗೆಲುವು ಅಷ್ಟು. ಅವತ್ತೇ ಇಪ್ಪತ್ತಡಿಗೆ ಒಯ್ಯಲು ಹೊರಟವನು ಮರುದಿನ ಮತ್ತೆ ನೂರಡಿಯಿಂದ ಶುರು ಮಾಡಬೇಕು.

ಇಂಥ ದಳಗಳಿಗೆ ಬರುವ ಕುದುರೆಗಳಲ್ಲಿ ರೇಸಿನಿಂದ ನಿವೃತ್ತವಾದವೂ ಇರುತ್ತವೆ. ಅವುಗಳ ಪಾಡು ಯೋಚಿಸಿ. ಗೇಟು ಧಡಾರನೆ ತೆರೆದ ಸದ್ದಿಗೆ ಪ್ರಾಣ ಬಿಟ್ಟು ಓಡಬೇಕೆಂದು ಎಳೆಯದರಲ್ಲೇ ಕಲಿಸಿದ ಪ್ರಾಣಿಗೆ ಈಗ ಧಡಾರನೆ ಸದ್ದಾದರೆ ನಿಲ್ಲು ಎನ್ನುತ್ತೇವೆ. ಕಲಿತದ್ದನ್ನು ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ಮೇಷ್ಟ್ರಾಗಿದ್ದವರಿಗೆ ಇದು ಗೊತ್ತು.

ಬೆದರುವ ಕುದುರೆ ಸಿಕ್ಕಿತೆಂದರೆ ಅನುಭವಸ್ಥರು ನೇರ ಬೆನ್ನು ಹತ್ತುವುದಿಲ್ಲ. ಮೊದಲು ಬಾಯಿ ತೆರೆದು ಹಲ್ಲು ನೋಡುತ್ತಾರೆ, ಜೀನಿನ ಕೆಳಗೆ ಕೈ ಹಾಕಿ ಗಾಯ ಹುಡುಕುತ್ತಾರೆ, ಕಣ್ಣಿನಲ್ಲಿ ಪೊರೆ ಇದೆಯೇ ಎಂದು ಇಣುಕುತ್ತಾರೆ. ನೋವಿರುವ ಕುದುರೆ ಬೆದರುವುದು ಹೆಚ್ಚು. ಆಮೇಲೆ ಮೇವಿನ ಲೆಕ್ಕ. ಹುರುಳಿ, ಬೂಸಾ ತಿನ್ನಿಸಿ ಲಾಯದಲ್ಲಿ ಕಟ್ಟಿಹಾಕಿ, ವಾರಕ್ಕೊಮ್ಮೆ ಹೊರಗೆ ತಂದರೆ ಅದು ಕುಣಿಯದೆ ಇನ್ನೇನು ಮಾಡೀತು? ಇದೆಲ್ಲ ಸರಿಯಿದ್ದರೆ ನೆಲದ ಪಾಠ. ಉದ್ದ ಹಗ್ಗ ಕಟ್ಟಿ ಸುತ್ತು ಓಡಿಸುವುದು, ಕೊಡೆ ಮುಚ್ಚಿ ತೆರೆಯುವುದು, ನೆಲದ ಮೇಲೆ ಗೋಣಿಚೀಲ ಹಾಸಿ ದಾಟಿಸುವುದು. ತಲೆ ಇಳಿಸಿದ ಕ್ಷಣದಲ್ಲೇ ಹಗ್ಗ ಸಡಿಲ ಬಿಡಬೇಕು. ಕುದುರೆಗೆ ಬಹುಮಾನ ಬೆಲ್ಲಕ್ಕಿಂತ ಹೆಚ್ಚಾಗಿ ಆ ಸಡಿಲ.

ಕಂಬಕ್ಕೆ ಬಿಗಿಯಾಗಿ ಕಟ್ಟಿ, ಸುಮ್ಮನಾಗುವವರೆಗೂ ಕಿವಿಯ ಹತ್ತಿರ ತಮಟೆ ಬಡಿಯುವ ಪದ್ಧತಿಯೂ ಇದೆ. ಕುದುರೆ ಸುಮ್ಮನಾಗುತ್ತದೆ, ನಿಜ. ಆದರೆ ಅದು ಸಮಾಧಾನವಲ್ಲ, ಕೈಚೆಲ್ಲಿರುವುದು. ಅಂಥದ್ದನ್ನು ನಾನು ನಂಬುವುದಿಲ್ಲ. ಇನ್ಯಾವತ್ತೋ ಒಂದು ದಿನ, ಏನೂ ಇಲ್ಲದ ಬೀದಿಯಲ್ಲಿ, ಅದು ಬಾಕಿ ತೀರಿಸುತ್ತದೆ.

ಬೆನ್ನ ಮೇಲಿರುವಾಗ ಬೆದರಿತು ಎನ್ನಿ. ನಮ್ಮ ಮೈ ತಾನಾಗಿ ಮಾಡುವುದೆಲ್ಲ ತಪ್ಪು. ಮುಂದಕ್ಕೆ ಬಗ್ಗುತ್ತೇವೆ, ಮೊಣಕಾಲು ಬಿಗಿಯುತ್ತೇವೆ, ಎರಡೂ ಲಗಾಮು ಜಗ್ಗುತ್ತೇವೆ. ಬೇಟೆಮೃಗ ಬೆನ್ನೇರಿದರೆ ಅದೂ ಹೀಗೇ ಮುಂದಕ್ಕೆ ಬಗ್ಗಿ ಬಿಗಿಯಾಗಿ ಹಿಡಿಯುತ್ತದಲ್ಲವೇ! ಮಾಡಬೇಕಾದ್ದು ತಿರುಗುಮುರುಗು: ಹಿಮ್ಮಡಿ ಕೆಳಗಿಳಿಸಿ, ಸೊಂಟ ಸಡಿಲಿಸಿ ಜೀನಿನಲ್ಲಿ ಆಳವಾಗಿ ಕೂರಬೇಕು. ಉಸಿರು ಬಿಡಬೇಕು. ಓಡಲು ಹೊರಟರೆ ಒಂದೇ ಕಡೆಯ ಲಗಾಮಿನಿಂದ ಕುತ್ತಿಗೆ ಬಾಗಿಸಿ ಸುತ್ತಿಗೆ ತರಬೇಕು. ನಾಗಾಲೋಟದಲ್ಲಿರುವಾಗ ಹಾಗೆ ಗಕ್ಕನೆ ತಿರುಗಿಸಿದರೆ ಇಬ್ಬರೂ ಉರುಳುತ್ತಾರೆ, ಆಗ ಸುತ್ತು ದೊಡ್ಡದಿರಬೇಕು. ಕಣ್ಣು ಬೆದರಿಸಿದ ವಸ್ತುವಿನ ಮೇಲಲ್ಲ, ಹೋಗಬೇಕಾದ ದಾರಿಯ ಮೇಲೆ.

ಉಸಿರಿನ ಮಾತು ಬರಿಯ ಉಪದೇಶವಲ್ಲ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ ಸವಾರರನ್ನು ಒಂದೇ ದಾರಿಯಲ್ಲಿ ನಾಲ್ಕು ಬಾರಿ ಓಡಾಡಿಸಿದರು. ನಾಲ್ಕನೆಯ ಬಾರಿಗೆ ಮುಂಚೆ ‘ಈ ಸಲ ಕುದುರೆಯ ಎದುರು ಕೊಡೆ ಬಿಚ್ಚುತ್ತೇವೆ’ ಎಂದರು. ಬಿಚ್ಚಲಿಲ್ಲ. ಸವಾರರ ಎದೆಬಡಿತ ಏರಿತು. ಕೊಡೆಯ ಸುದ್ದಿಯೇ ಗೊತ್ತಿಲ್ಲದ ಕುದುರೆಗಳ ಎದೆಬಡಿತವೂ ಏರಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ಸಾಬರ ಬೀಡಿ. ಆ ಬೀಡಿ ಅವರಿಗಾಗಿ ಹಚ್ಚಿದ್ದೋ, ಕುದುರೆಗಾಗಿಯೋ?

ಜಟಕಾ ಹೋಯಿತು, ನಮ್ಮ ಊರುಗಳಲ್ಲಿ ಕುದುರೆ ಕಾಣುವುದು ಈಗ ಮದುವೆ ಮೆರವಣಿಗೆಯಲ್ಲಿ. ಅದರಷ್ಟು ಕಠಿಣವಾದ ಪರೀಕ್ಷೆ ಪೊಲೀಸ್ ಕುದುರೆಗೂ ಇಲ್ಲ. ಬ್ಯಾಂಡ್‌ಸೆಟ್ಟು, ಸರಪಟಾಕಿ, ಜನರೇಟರ್ ದೀಪ, ಬೆನ್ನ ಮೇಲೆ ಜನ್ಮದಲ್ಲಿ ಮೊದಲ ಬಾರಿಗೆ ಲಗಾಮು ಹಿಡಿದ ವರ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿನ ಜತೆ ಎಂಜಿನ್ ಇಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ಆದ್ದರಿಂದ ಈ ದಾರಿಯಲ್ಲಿ ಕುದುರೆ ತನ್ನ ಕಾಲ ಮೇಲೆ ಬರುವುದಿಲ್ಲ, ಲಾರಿಯಲ್ಲಿ ಬರುತ್ತದೆ.

ಹೋದ ವರ್ಷ ಮಳವಳ್ಳಿಯ ಒಂದು ಕಲ್ಯಾಣ ಮಂಟಪದ ಎದುರು ಹಾಗೆ ಬಂದ ಬಿಳಿ ಕುದುರೆ ಇಳಿಯಲು ಒಪ್ಪಲಿಲ್ಲ. ಒಳಗೆ ಕತ್ತಲು, ಹೊರಗೆ ಹನ್ನೊಂದು ಗಂಟೆಯ ಬಿಸಿಲು, ನಡುವೆ ಓರೆಯಾಗಿಟ್ಟ ಹಲಗೆ. ಹುಡುಗಿಯ ಕಡೆಯ ದೊಡ್ಡಪ್ಪನೊಬ್ಬರು ಗಡಿಯಾರ ನೋಡಿಕೊಂಡು ‘ಹಿಂದಿಂದ ಒಂದು ಬಿಡ್ಲಾ ಅದುಕ್ಕೆ’ ಎಂದು ಕೂಗಿದರು. ಹಗ್ಗ ಹಿಡಿದಿದ್ದವನಿಗೆ ಇಪ್ಪತ್ತು ವರ್ಷವೂ ಇರಲಾರದು. ಕುದುರೆಯ ಪಕ್ಕ ನಿಂತು, ಹಗ್ಗ ಸಡಿಲ ಬಿಟ್ಟು, ಬೀದಿಯ ಕಡೆ ಸುಮ್ಮನೆ ನೋಡುತ್ತಿದ್ದ.

‘ಬೆಳಕು ಒಗ್ಲಿ ಇರಣ್ಣ. ನೋಡ್ಕಳ್ಳಿ ಬಿಡು ಅದು.’

ಕುದುರೆ ತಲೆ ತಗ್ಗಿಸಿ ಹಲಗೆಯನ್ನು ಮೂಸಿತು. ಗೊರಸಿನಿಂದ ಒಮ್ಮೆ ಕುಟ್ಟಿ ನೋಡಿತು. ಫುರ್ರೆಂದಿತು.