ಅಜ್ಜಿಯ ಕಾಯಿಲೆ ಅಜ್ಜಿಗೇ ಹೇಳಬೇಕೇ?

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಿಮಗೆ ಗೊತ್ತು. ಆದರೆ ವಯಸ್ಸಾದ ಮಾತ್ರಕ್ಕೆ ಎಲ್ಲರಿಗೂ ಅರಳು ಮರಳು ಬರುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಸಾಮಾನ್ಯ ಮರೆವು. ದಿನಾ ಹೋಗುವ ಅಂಗಡಿಯ ದಾರಿಯೇ ತಪ್ಪಿದರೆ, ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಅದು ಡಿಮೆನ್ಷಿಯಾ ಇರಬಹುದು. ಮಿದುಳಿನ ನರಕೋಶಗಳು ಹಾಳಾಗುವುದರಿಂದ ಇದು ಬರುತ್ತದೆ. ಇದರಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಏನು ಮಾಡಬಹುದು? ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ಕೇಳುತ್ತಾರೆ. ಗಡಿಯಾರದ ಚಿತ್ರ ಬರೆಸುತ್ತಾರೆ. ರಕ್ತ ಪರೀಕ್ಷೆಯೂ ಬೇಕು. ಯಾಕೆಂದರೆ ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಸಂಶಯ ಉಳಿದರೆ ತಜ್ಞರ ಬಳಿ ಕಳಿಸುತ್ತಾರೆ.

ರೋಗ ಖಚಿತವಾದ ಮೇಲೆ ಯಾರಿಗೆ ಹೇಳುವುದು? ಎಷ್ಟೋ ಸಲ ಮಗನನ್ನೋ ಸೊಸೆಯನ್ನೋ ಒಳಗೆ ಕರೆದು ಹೇಳುತ್ತಾರೆ. ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಅವರು ಹೆದರಬಾರದು ಎಂಬುದು ಪ್ರೀತಿಯೇ. ಆದರೆ ಆರಂಭದ ಹಂತದಲ್ಲಿ ಯೋಚಿಸಿ ನಿರ್ಧರಿಸುವ ಶಕ್ತಿ ಸಾಮಾನ್ಯವಾಗಿ ಉಳಿದಿರುತ್ತದೆ. ಜಮೀನು, ಬ್ಯಾಂಕಿನ ಹಣ, ಮುಂದೆ ಯಾರ ಜೊತೆ ಇರಬೇಕು, ಎಂಥ ಚಿಕಿತ್ಸೆ ಬೇಕು ಇವನ್ನೆಲ್ಲ ಅವರೇ ತೀರ್ಮಾನಿಸಬಹುದಾದ ಸಮಯ ಅದು. ವಿಷಯ ಮುಚ್ಚಿಟ್ಟರೆ ಆ ಸಮಯ ಕೈತಪ್ಪುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ರೊನಾಲ್ಡ್ ರೇಗನ್ 1994ರಲ್ಲಿ ತಮಗೆ ಆಲ್ಝೈಮರ್ ಇದೆಯೆಂದು ತಾವೇ ಪತ್ರ ಬರೆದು ಜನರಿಗೆ ತಿಳಿಸಿದರು. ಆಮೇಲೆ ಸುಮಾರು ಹತ್ತು ವರ್ಷ ಬದುಕಿದ್ದರು.

ಹಾಗಂತ ದಿಢೀರನೆ ಹೇಳಿಬಿಡುವುದೂ ಸರಿಯಲ್ಲ. 'ನಿಮಗೆ ಏನಾಗಿದೆ ಅನ್ನಿಸುತ್ತದೆ? ಎಷ್ಟು ತಿಳಿಯಬೇಕು?' ಎಂದು ಡಾಕ್ಟರು ಮೊದಲು ಕೇಳಬೇಕು. ತನಗೆ ಬೇಡ ಎನ್ನುವ ಹಕ್ಕೂ ರೋಗಿಗೆ ಇದೆ. ಬೇಕೆಂದರೆ ಸಣ್ಣ ಸಣ್ಣ ಮಾತುಗಳಲ್ಲಿ, ಒಂದೇ ದಿನ ಎಲ್ಲವನ್ನೂ ಹೇರದೆ, ಏನೇನು ಸಹಾಯ ಸಿಗುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಇಲ್ಲಿ ನಿಮ್ಮ ಪಾಲೂ ಇದೆ. ನಮ್ಮ ಗಡಿ ಊರುಗಳಲ್ಲಿ ಡಾಕ್ಟರು ಮಲಯಾಳವನ್ನೋ ಮರಾಠಿಯನ್ನೋ ತಮಿಳನ್ನೋ ಆಡುವವರಾಗಿರಬಹುದು. ಅಜ್ಜಿಗೆ ಕನ್ನಡವೊಂದೇ ಬರುತ್ತದೆ. ನಡುವೆ ದುಭಾಷಿ ನೀವೇ! 'ಏನಿಲ್ಲ ಅಜ್ಜಿ, ಶಕ್ತಿಗೆ ಮಾತ್ರೆ ಕೊಟ್ಟಿದ್ದಾರೆ' ಎಂದು ಬದಲಿಸಿ ಹೇಳಬೇಡಿ. ಅಂಥ ಸುದ್ದಿ ಹೇಳುವುದು ನಿಮಗೆ ಭಾರವೆನಿಸಿದರೆ ಎರಡೂ ಭಾಷೆ ಬಲ್ಲ ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆಯಿರಿ ಎಂದು ಡಾಕ್ಟರನ್ನು ಕೇಳಿ. ನೀವು ಅಜ್ಜಿಯ ಪಕ್ಕದಲ್ಲೇ ಕೂತಿರಿ.