ಇಲಿಮರಿಯ ಗುರುತು ಹಿಡಿಯುವ ಬಗೆ

ಬಮ್ಮಿಗಟ್ಟಿಯಂತಹ ಊರಿನಲ್ಲಿ ಇಲಿಯೆಂದರೆ ಕಾಳಿನ ಚೀಲಕ್ಕೆ ತೂತು ಕೊರೆಯುವ ಪ್ರಾಣಿ. ಅದರ ಗುರುತು ಹಿಡಿಯಲು ಪಾಂಡಿತ್ಯವೇನೂ ಬೇಡ. ಆದರೆ ಒಂದೇ ತಾಯಿಗೆ ಒಂದೇ ದಿನ ಹುಟ್ಟಿದ, ನೋಟಕ್ಕೆ ಎಳ್ಳಷ್ಟೂ ಭೇದವಿಲ್ಲದ ಎಂಟು ಮರಿಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದರ ಯಕೃತ್ತು ಕೆಡಲಿದೆಯೆಂದು ಕೇಳಿದರೆ ಹೇಳುವವರಾರು? ಕನ್ನಡ ಪಂಡಿತನಿಗೆ ಇಲಿಯ ಯಕೃತ್ತಿನ ಗೊಡವೆ ಏಕೆಂದು ಓದುಗರು ನಗಬಹುದು. ಕಾಮಾಲೆ ಉಲ್ಬಣಿಸಿ ತೀರಿಕೊಂಡ ಶಿಷ್ಯನೊಬ್ಬನ ನೆನಪು ನನ್ನನ್ನು ಈ ವಿಷಯದತ್ತ ಎಳೆಯಿತೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಬಲಪಕ್ಕೆಲುಬಿನ ಮರೆಯಲ್ಲಿರುವ ಯಕೃತ್ತು ಪಿತ್ತರಸವನ್ನು ತಯಾರಿಸುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ, ವಿಷವನ್ನು ಕಳೆಯುತ್ತದೆ. ಒಂದು ಭಾಗವನ್ನು ಕೊಯ್ದು ತೆಗೆದರೂ ಉಳಿದುದು ಬೆಳೆದು ಮೊದಲಿನ ಗಾತ್ರಕ್ಕೆ ಬರುವ ಶಕ್ತಿ ಅದಕ್ಕುಂಟು. ರೋಗ ತೀವ್ರವಾದಾಗ ಮಾತ್ರ ಹಾಗೆ ಬೆಳೆಯಲು ಸಮಯ ಸಿಗುವುದಿಲ್ಲ. ಇಡೀ ಅಂಗವನ್ನೇ ಬದಲಿಸೋಣವೆಂದರೆ ದಾನಿಗಳು ವಿರಳ, ವೆಚ್ಚ ವಿಪರೀತ. ಹೀಗಿರಲು ಅಂಗದ ಬದಲು ಅದರ ಜೀವಕೋಶಗಳನ್ನಷ್ಟೇ ನೆಟ್ಟರೆ ಹೇಗೆಂಬ ಆಲೋಚನೆ ಹುಟ್ಟಿತು. ಭತ್ತದ ಸಸಿ ನಾಟಿಮಾಡಿದಂತೆಯೇ ಸರಿ.

ನಮ್ಮ ನೆರೆಯ ಹೈದರಾಬಾದಿನಲ್ಲಿ ಡಾ. ಸಿ. ಎಂ. ಹಬೀಬುಲ್ಲಾ ಮತ್ತು ಅವರ ಸಹೋದ್ಯೋಗಿಗಳು ಯಕೃತ್ತು ಹಠಾತ್ತನೆ ಕೈಕೊಟ್ಟ ಏಳು ಮಂದಿ ರೋಗಿಗಳ ಉದರದೊಳಕ್ಕೆ ಗರ್ಭಸ್ಥ ಶಿಶುವಿನ ಯಕೃತ್ಕೋಶಗಳನ್ನು ಸೇರಿಸಿ ನೋಡಿ, 1994ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಧೈರ್ಯದ ಕೆಲಸವೇ ಅದು. ಆದರೆ ಇಂತಹ ಚಿಕಿತ್ಸೆಯಲ್ಲಿ ರೋಗಿ ಬದುಕಿದಾಗ ಒಂದು ಸಂಶಯ ಉಳಿದೇ ಉಳಿಯುತ್ತದೆ: ಕಾಪಾಡಿದ್ದು ಹೊರಗಿನಿಂದ ಬಂದ ಕೋಶಗಳೋ, ಚೇತರಿಸಿಕೊಂಡ ಸ್ವಂತ ಯಕೃತ್ತೋ? ಮನುಷ್ಯನಲ್ಲಿ ಇದನ್ನು ಬಿಡಿಸಿ ಹೇಳುವುದು ಕಷ್ಟ. ಇಲಿಯ ಪ್ರವೇಶ ಆಗುವುದು ಇಲ್ಲಿಯೇ.

ಈ ಇಲಿಯ ಕಥೆ ಬೇರೊಂದು ದಾರಿಯಿಂದ ಬಂದುದು. ಅಮೆರಿಕದ ರಾಲ್ಫ್ ಬ್ರಿನ್‌ಸ್ಟರ್, ರಿಚರ್ಡ್ ಪಾಮಿಟರ್ ಮತ್ತು ಅವರ ಸಂಗಡಿಗರು ರಕ್ತದ ಹೆಪ್ಪನ್ನು ಕರಗಿಸುವ ಯುರೋಕೈನೇಸ್ ಎಂಬ ಕಿಣ್ವದ ವಂಶವಾಹಿಯನ್ನು ಇಲಿಯ ಅಂಡದಲ್ಲಿ ಸೇರಿಸಿದರು. ಅದರ ಮುಂದೆ ಯಕೃತ್ತಿನಲ್ಲಿ ಮಾತ್ರ ಚಾಲನೆಗೊಳ್ಳುವ ಆಲ್ಬುಮಿನ್‌ನ ಕೀಲಿಯನ್ನು ಜೋಡಿಸಿದ್ದರು. 1990ರಲ್ಲಿ ಅವರು ತಿಳಿಸಿದಂತೆ, ಹೀಗೆ ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟು ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಸತ್ತವು. ಉಳಿದವುಗಳ ಹೊಟ್ಟೆ ತೆರೆದು ನೋಡಿದಾಗ ಆಶ್ಚರ್ಯ ಕಾದಿತ್ತು. ಬಿಳಿಚಿದ ಯಕೃತ್ತಿನ ಮೇಲೆ ಅಲ್ಲಲ್ಲಿ ಕೆಂಪು ಗಂಟುಗಳು! ಹಾನಿಕರ ವಂಶವಾಹಿಯನ್ನು ಆಕಸ್ಮಿಕವಾಗಿ ಕಳೆದುಕೊಂಡ ಕೋಶಗಳು ಬೆಳೆದು ತಮ್ಮ ರೋಗಗ್ರಸ್ತ ನೆರೆಯವರ ಜಾಗವನ್ನು ಆಕ್ರಮಿಸಿದ್ದವೆಂದು 1991ರಲ್ಲಿ ಎರಿಕ್ ಸ್ಯಾಂಡ್‌ಗ್ರೆನ್ ಮೊದಲಾದವರು ತೋರಿಸಿಕೊಟ್ಟರು. ಹಾಗಾದರೆ ಪರರ ಆರೋಗ್ಯವಂತ ಕೋಶಗಳೂ ಹೀಗೆಯೇ ಬೆಳೆಯಬಹುದಲ್ಲವೆ? 1994ರಲ್ಲಿ ಅದೇ ಬಳಗದವರು ನೀಲಿ ಬಣ್ಣ ತಾಳುವಂತೆ ಗುರುತು ಮಾಡಿದ ಕೋಶಗಳನ್ನು ಇಲಿಮರಿಯ ಗುಲ್ಮಕ್ಕೆ ಚುಚ್ಚಿದರು. ಅವು ರಕ್ತದೊಡನೆ ಹರಿದು ಯಕೃತ್ತನ್ನು ಸೇರಿ, ಒಂದೊಂದೂ ಹನ್ನೆರಡು ಬಾರಿಗೆ ಕಡಿಮೆಯಿಲ್ಲದೆ ಇಬ್ಬಾಗವಾಗಿ, ಕೆಲವೆಡೆ ಯಕೃತ್ತಿನ ಶೇಕಡಾ 80ರಷ್ಟನ್ನು ತುಂಬಿದವು. ಹನ್ನೆರಡು ಬಾರಿ ಎಂದರೆ ಒಂದು ಕೋಶ ನಾಲ್ಕು ಸಾವಿರವನ್ನು ದಾಟಿತು.

ಇಷ್ಟೆಲ್ಲ ನಡೆಯಬೇಕಾದರೆ ಮೊದಲು ಸರಿಯಾದ ಮರಿಯನ್ನು ಆರಿಸಬೇಕು. ಪ್ರತಿ ಪ್ರಾಣಿಯಲ್ಲಿಯೂ ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ತಂದೆಯದು, ಇನ್ನೊಂದು ತಾಯಿಯದು. ಹೊಸ ವಂಶವಾಹಿಯ ಒಂದೊಂದು ಪ್ರತಿಯುಳ್ಳ ಗಂಡು ಹೆಣ್ಣುಗಳ ಸಂತಾನದಲ್ಲಿ, ಮೆಂಡೆಲನ ಲೆಕ್ಕದಂತೆ, ಸರಾಸರಿ ನಾಲ್ಕರಲ್ಲಿ ಒಂದಕ್ಕೆ ಎರಡು ಪ್ರತಿ, ಎರಡಕ್ಕೆ ಒಂದೊಂದು, ಇನ್ನೊಂದಕ್ಕೆ ಏನೂ ಇಲ್ಲ. ಒಂದೇ ಪ್ರತಿಯುಳ್ಳ ಮರಿಯಲ್ಲಿ ಸ್ವಂತ ಕೋಶಗಳೇ ಬೇಗ ಚೇತರಿಸಿಕೊಂಡು ಜಾಗ ಹಿಡಿಯುತ್ತವೆ. ಅದನ್ನು ಎರಡು ಪ್ರತಿಯ ಮರಿಯೆಂದು ಭ್ರಮಿಸಿದರೆ, ತಾನಾಗಿಯೇ ಗುಣವಾದುದನ್ನು ನಾಟಿಯ ಫಲವೆಂದು ಬರೆದುಬಿಡಬಹುದು. ಹೈದರಾಬಾದಿನ ಸಂಶಯವೇ ವೇಷ ಬದಲಿಸಿ ಇಲ್ಲಿಗೂ ಬಂದಂತಾಯಿತು.

ಗುರುತು ಹಿಡಿಯುವುದು ಹೀಗೆ. ಮರಿಯ ಬಾಲದ ತುದಿಯಿಂದಲೋ ಕಿವಿಯಿಂದಲೋ ಸಾಸಿವೆಕಾಳಿನಷ್ಟು ಚೂರನ್ನು ತೆಗೆದು ಕಿಣ್ವದಲ್ಲಿ ಕರಗಿಸಿ ಅದರೊಳಗಿನ ಡಿಎನ್ಎ ಎಂಬ ವಂಶದ್ರವ್ಯವನ್ನು ಬಿಡಿಸಿಕೊಳ್ಳುತ್ತಾರೆ. ಬಳಿಕ 1983ರಲ್ಲಿ ಕ್ಯಾರಿ ಮಲ್ಲಿಸ್ ಯೋಚಿಸಿದ ಪಿಸಿಆರ್ ವಿಧಾನ. ದ್ರವವನ್ನು ಕುದಿಯುವಷ್ಟು ಬಿಸಿ ಮಾಡಿದರೆ ಡಿಎನ್ಎಯ ಎರಡು ಎಳೆಗಳು ಬೇರ್ಪಡುತ್ತವೆ. ತಣಿಸಿದರೆ, ಹುಡುಕುತ್ತಿರುವ ವಂಶವಾಹಿಗೆ ಮಾತ್ರ ಒಪ್ಪುವ ಎರಡು ಪುಟ್ಟ ತುಣುಕುಗಳು ಅಲ್ಲಿ ಅಂಟಿಕೊಳ್ಳುತ್ತವೆ. ಮತ್ತೆ ಸ್ವಲ್ಪ ಬಿಸಿ ಮಾಡಿದರೆ, ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯದಿಂದ ಪಡೆದ, ಕಾವಿಗೆ ಕೆಡದ ಕಿಣ್ವವು ಅವುಗಳ ನಡುವಣ ಭಾಗವನ್ನು ನಕಲು ಮಾಡುತ್ತದೆ. ಒಂದು ಸುತ್ತಿಗೆ ಎರಡು, ಮತ್ತೊಂದಕ್ಕೆ ನಾಲ್ಕು. ಮೂವತ್ತು ಸುತ್ತಿಗೆ ಲೆಕ್ಕದ ಪ್ರಕಾರ ನೂರು ಕೋಟಿಗೂ ಮಿಕ್ಕು. ಅದನ್ನು ಲೋಳೆಯಂತಹ ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸಿದರೆ ವಂಶವಾಹಿ ಇದ್ದ ಮರಿಯ ಸಾಲಿನಲ್ಲಿ ಹೊಳೆಯುವ ಗೆರೆ ಕಾಣುತ್ತದೆ. ಪಕ್ಕದಲ್ಲಿ ಇದೆಯೆಂದು ಮೊದಲೇ ತಿಳಿದ ಇಲಿಯದೊಂದು, ಇಲ್ಲವೆಂದು ತಿಳಿದುದರದೊಂದು, ಬರಿಯ ನೀರಿನದೊಂದು ಸಾಲನ್ನು ಇಟ್ಟಿರಲೇಬೇಕು. ನೀರಿನ ಸಾಲಿನಲ್ಲಿಯೂ ಗೆರೆ ಮೂಡಿದರೆ ಆ ದಿನದ ಕೆಲಸವೆಲ್ಲ ವ್ಯರ್ಥ.

ಈ ಗೆರೆ ಹೇಳುವುದು ಉಂಟು, ಇಲ್ಲ ಎಂಬ ಎರಡೇ ಮಾತು. ಒಂದು ಪ್ರತಿಯೋ ಎರಡೋ ಎಂಬುದನ್ನು ಹೇಳದು. ಅದಕ್ಕಾಗಿ ನಕಲುಗಳು ಬೆಳೆಯುವ ವೇಗವನ್ನು ಸುತ್ತುಸುತ್ತಿಗೂ ಅಳೆಯುವ ಯಂತ್ರವಿದೆ. ಎಲ್ಲ ಇಲಿಗಳಲ್ಲಿಯೂ ಎರಡೇ ಪ್ರತಿಯಿರುವ ಬೇರೊಂದು ವಂಶವಾಹಿಯೊಡನೆ ತೂಗಿನೋಡಿ ಲೆಕ್ಕ ಕಟ್ಟುತ್ತಾರೆ. ಇನ್ನು ಮರಿಯ ಸಂಖ್ಯೆಯೂ ಕೊಳವೆಯ ಸಂಖ್ಯೆಯೂ ಅದಲುಬದಲಾದರೆ ಯಾವ ಯಂತ್ರವೂ ಕಾಪಾಡದು. ಒಂದೇ ಹೆಸರಿನ ಇಬ್ಬರು ಹುಡುಗರ ಉತ್ತರಪತ್ರಿಕೆಗಳನ್ನು ತಿರುವುಮುರುವು ಮಾಡಿ ನಾಲ್ಕು ದಿನ ನಿದ್ದೆಗೆಟ್ಟ ನನಗೆ ಆ ಭಯ ಚೆನ್ನಾಗಿ ಅರ್ಥವಾಗುತ್ತದೆ.

ಕೆನಡಾದ ಎಡ್ಮಂಟನ್ನಿನಲ್ಲಿ ಡೇವಿಡ್ ಮರ್ಸರ್, ನಾರ್ಮನ್ ನೆಟೆಮನ್ ಮುಂತಾದವರು, ಪರಕೋಶಗಳನ್ನು ತಿರಸ್ಕರಿಸುವ ಶಕ್ತಿಯೂ ಇಲ್ಲದ ಇಂತಹ ಮರಿಗಳಲ್ಲಿ ಮನುಷ್ಯನ ಯಕೃತ್ಕೋಶಗಳನ್ನು ನೆಟ್ಟು, ಹೆಪಟೈಟಿಸ್ ಸಿ ವೈರಸ್ಸಿನ ಸೋಂಕನ್ನು ಅವುಗಳಲ್ಲಿ ಉಂಟುಮಾಡಿದುದನ್ನು 2001ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಮನುಷ್ಯಕೋಶಗಳು ಬಹುಕಾಲ ನಿಂತದ್ದು ಎರಡು ಪ್ರತಿಯುಳ್ಳ ಮರಿಗಳಲ್ಲಿಯೇ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿಯೂ ವಂಶವಾಹಿ ಮಾರ್ಪಡಿಸಿದ ಇಲಿಗಳನ್ನು ಸಿದ್ಧಪಡಿಸುವ ವಿಭಾಗವುಂಟು. ಪ್ರಾಣಿಗಳ ಮೇಲಣ ಇಂತಹ ಪ್ರಯೋಗಗಳಿಗೆ ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಕಟ್ಟುಪಾಡಿದೆ. ಅದು ಇರತಕ್ಕದ್ದೇ.

ಎಡ್ಮಂಟನ್ನಿನವರು ಕೋಶಗಳನ್ನು ನೆಟ್ಟದ್ದು ಮರಿ ಹುಟ್ಟಿದ ಐದರಿಂದ ಹದಿನಾಲ್ಕು ದಿನಗಳೊಳಗೆ. ಬಾಲದ ಚೂರು ತನ್ನ ಉತ್ತರವನ್ನು ಅಷ್ಟರೊಳಗೇ ಹೇಳಿ ಮುಗಿಸಬೇಕು.