ವಜ್ರ ಯಾರ ಸ್ವತ್ತು?

1966ರ ಸೆಪ್ಟೆಂಬರ್ 30ರಂದು ಬೋಟ್ಸ್ವಾನಾ ಸ್ವತಂತ್ರವಾದಾಗ ಇಡೀ ದೇಶದಲ್ಲಿ ಡಾಂಬರು ಕಂಡಿದ್ದ ರಸ್ತೆ 12 ಕಿಲೋಮೀಟರ್ ಆಸುಪಾಸು. ಪದವೀಧರರು ಬೆರಳೆಣಿಕೆಯಷ್ಟು. ಬ್ರಿಟಿಷರು ಈ ಸೀಮೆಯನ್ನು ಆಳಿದ್ದೇ ಗಡಿಯಾಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿ ಕೂತು. ಹಾಗಾಗಿ ಗಬರೋನ್ ಎಂಬ ರಾಜಧಾನಿಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಅದರ ಮೇಲೆ ಭೀಕರ ಬರಗಾಲ.

ಮರುವರ್ಷ ಒರಾಪದಲ್ಲಿ ವಜ್ರ ಸಿಕ್ಕಿತು. ಅದು ಬಮಾಂಗ್ವಾಟೊ ಬುಡಕಟ್ಟಿನ ನೆಲ. ದೇಶದ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಆ ಬುಡಕಟ್ಟಿನ ಅರಸು ಮನೆತನದ ಕುಡಿ. ಬಿಳಿಯ ಹೆಣ್ಣನ್ನು ವರಿಸಿದ್ದಕ್ಕೆ ಗಡೀಪಾರಾಗಿ, ಪಟ್ಟದ ಹಕ್ಕು ತೊರೆದು 1956ರಲ್ಲಿ ಊರಿಗೆ ಮರಳಿದ್ದವರು. ನಮ್ಮ ನೆಲದ ಕಲ್ಲು ನಮಗೇ ಎಂದು ಅವರ ಕಡೆಯವರು ಪಟ್ಟು ಹಿಡಿಯಬಹುದಿತ್ತು. ಆದರೆ ಅದೇ 1967ರ ಗಣಿ ಕಾಯ್ದೆಯ ಮೂಲಕ ಬುಡಕಟ್ಟುಗಳ ಖನಿಜದ ಹಕ್ಕು ದೇಶದ ಪಾಲಾಯಿತು. ಬಮಾಂಗ್ವಾಟೊ ಜನರದ್ದೂ ಸೇರಿ. ಬೋಟ್ಸ್ವಾನಾದ ಏಳಿಗೆಗೆ ಬುನಾದಿ ಬಿದ್ದದ್ದು ಇಲ್ಲಿ ಎಂದೇ ನಾನು ನಂಬಿದ್ದೇನೆ.

ಡಿ ಬಿಯರ್ಸ್ ಕಂಪನಿಯ ಜೊತೆಗಿನ ಪಾಲುದಾರಿಕೆಯಲ್ಲಿ ಸರ್ಕಾರಕ್ಕೆ ಮೊದಲು ಸಿಕ್ಕಿದ್ದು ಶೇ 15 ಮಾತ್ರ. ಗಣಿಯ ಬೆಲೆ ತಿಳಿಯುತ್ತಿದ್ದಂತೆ ಮತ್ತೆ ಚೌಕಾಸಿಗೆ ಕೂತು, 1975ರಲ್ಲಿ ಅದನ್ನು ಶೇ 50ಕ್ಕೆ ಏರಿಸಿಕೊಂಡರು. 1982ರಲ್ಲಿ ಜ್ವನೆಂಗ್‌ನ ದೊಡ್ಡ ಗಣಿ ಶುರುವಾಯಿತು. ಬಂದ ಹಣ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹರಿಯಿತು. ಮುಂದಿನ ತಲೆಮಾರಿಗೆಂದು 1994ರಲ್ಲಿ ಪುಲಾ ನಿಧಿಯೂ ಆಯಿತು.

ಇದೇ ವಜ್ರ ಸಿಯೆರಾ ಲಿಯೋನ್‌ಗೆ ಬೇರೆಯೇ ಹಾದಿ ತೋರಿತು. ಅಲ್ಲಿ 1930ರಲ್ಲೇ ವಜ್ರ ಕಂಡಿತ್ತು. ಅಲ್ಲಿನ ವಜ್ರ ಬಹುಪಾಲು ನದಿಯ ಮೆಕ್ಕಲಿನಲ್ಲಿ ಹರಡಿತ್ತು. ಸಲಿಕೆ, ಜರಡಿ ಇದ್ದವರೆಲ್ಲ ತೆಗೆಯಬಹುದು, ಕದ್ದು ಸಾಗಿಸಲೂಬಹುದು. ಒರಾಪದ್ದು ಕಿಂಬರ್ಲೈಟ್ ಶಿಲೆಯೊಳಗಿನ ವಜ್ರ. ದೊಡ್ಡ ಯಂತ್ರಗಳಿಲ್ಲದೆ ದಕ್ಕದು, ಬೇಲಿ ಹಾಕಿ ಕಾಯುವುದು ಸುಲಭ. ನೆಲವೂ ಬೋಟ್ಸ್ವಾನಾದ ಕೈಹಿಡಿಯಿತು, ಅದನ್ನು ಮರೆಯಬಾರದು. ಆದರೆ 1968ರಿಂದ ಸಿಯೆರಾ ಲಿಯೋನ್ ಆಳಿದ ಸಿಯಾಕಾ ಸ್ಟೀವನ್ಸ್ ವಜ್ರದ ವ್ಯವಹಾರವನ್ನು ತಮ್ಮ ಆಪ್ತರ ಕೈಗಿತ್ತದ್ದು ನೆಲದ ತಪ್ಪಲ್ಲ. 1991ರಲ್ಲಿ ಹೊತ್ತಿದ ಅಂತರ್ಯುದ್ಧಕ್ಕೆ ಅದೇ ವಜ್ರದಿಂದ ಬಂದೂಕು ಬಂದವು. ಅದು ಆರಿದ್ದು 2002ರಲ್ಲಿ.

ಬೋಟ್ಸ್ವಾನಾದಲ್ಲೂ ಬಡವ ಬಲ್ಲಿದರ ಅಂತರ ದೊಡ್ಡದಿದೆ; ಕಲಿತ ಯುವಜನರಿಗೆ ಗಣಿಯಾಚೆ ಉದ್ಯೋಗ ಸಾಕಷ್ಟು ಹುಟ್ಟಲಿಲ್ಲ. ಪ್ರಯೋಗಾಲಯದ ವಜ್ರಗಳು ಬಂದು ಗಣಿ ವಜ್ರದ ಬೆಲೆ ಕುಸಿದಾಗ ಬೊಕ್ಕಸ ಸೊರಗಿತು. 2024ರ ಅಕ್ಟೋಬರ್‌ನಲ್ಲಿ ಮತದಾರರು 58 ವರ್ಷ ಆಳಿದ ಪಕ್ಷವನ್ನು ಇಳಿಸಿದರು. ಅಂತಿಮ ಫಲಿತಾಂಶ ಬರುವ ಮೊದಲೇ ಅಧ್ಯಕ್ಷ ಮಸೀಸಿ ಸೋಲೊಪ್ಪಿ, ವಿರೋಧ ಪಕ್ಷದ ಡುಮಾ ಬೋಕೊ ಅವರಿಗೆ ಅಧಿಕಾರ ಬಿಟ್ಟುಕೊಟ್ಟರು.